ಹಸು ಕೊಟ್ಟ ಉತ್ತರ

ಹಸುವಿನ ಹೆಸರಲ್ಲಿ ಮೊಬೈಲಿಗೆ ಬರೋ ಆರೋಗ್ಯದ ಸಂದೇಶಗಳನ್ನ ನಾನು ಓದದೇ ಅಳಿಸ್ತೀನಿ. ಆದ್ರೆ ‘ಹಸುವಿನ ರಕ್ತದಲ್ಲಿ ಎಚ್ಐವಿ ತಡೆಯೋ ಪ್ರತಿಕಾಯ’ ಅನ್ನೋ ಸುದ್ದಿ ಮಾತ್ರ ನಿಜ! 2017ರ ಜುಲೈನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು. ಏನಂದ್ರೆ, ಅದು ಹೇಳೋದು ನಾವು ಅಂದುಕೊಳ್ಳೋದನ್ನಲ್ಲ.

ಎಚ್ಐವಿಯ ಮೈಮೇಲೆ ಮುಳ್ಳಿನಂಥ ಪ್ರೊಟೀನುಗಳಿವೆ. ನಮ್ಮ ಜೀವಕೋಶದೊಳಗೆ ಅದು ನುಗ್ಗೋದು ಆ ಮುಳ್ಳಿನಿಂದಲೇ. ಮುಳ್ಳಿನ ಮೇಲೆಲ್ಲ ಸಕ್ಕರೆಯ ಹೊದಿಕೆ. ಹೊರಗೆ ಕಾಣೋ ಭಾಗ ಮತ್ತೆ ಮತ್ತೆ ವೇಷ ಬದಲಿಸುತ್ತೆ. ಅಷ್ಟಾಗಿ ಬದಲಾಗದ ಜಾಗ ಸಕ್ಕರೆಯ ಸಂದಿಯಲ್ಲಿ, ಒಳಗೆಲ್ಲೋ ಅಡಗಿರುತ್ತೆ. ನಮ್ಮ ಮಾಮೂಲಿ ಪ್ರತಿಕಾಯದ ಕೈ ಅಲ್ಲಿಗೆ ಎಟುಕೋದಿಲ್ಲ. ಸೋಂಕು ತಗುಲಿದವರಲ್ಲಿ ಸುಮಾರು ಶೇ. 10ರಿಂದ 20ರಷ್ಟು ಜನರ ದೇಹ ಮಾತ್ರ, ಅದೂ ವರ್ಷಗಟ್ಟಲೆ ಒದ್ದಾಡಿದ ಮೇಲೆ, ನಾನಾ ಬಗೆಯ ಎಚ್ಐವಿಯನ್ನು ತಡೆಯೋ ಪ್ರತಿಕಾಯ ಮಾಡಿಕೊಳ್ಳುತ್ತೆ. ಅಷ್ಟೊತ್ತಿಗೆ ಆ ದೇಹದೊಳಗಿನ ವೈರಸ್ಸು ಕೈತಪ್ಪಿ ಹೋಗಿರುತ್ತೆ...

ಅಮೆರಿಕದ ವಿಜ್ಞಾನಿಗಳು ನಾಲ್ಕು ಕರುಗಳಿಗೆ ಈ ಮುಳ್ಳಿನ ನಕಲನ್ನ ಚುಚ್ಚಿದರು. ವೈರಸ್ಸನ್ನಲ್ಲ, ಬರೀ ಪ್ರೊಟೀನನ್ನ. ಒಂದು ಕರುವಿನ ರಕ್ತ 42ನೇ ದಿನಕ್ಕೇ ಪರೀಕ್ಷೆಯ ವೈರಸ್ಸುಗಳಲ್ಲಿ ಶೇ. 20ರಷ್ಟನ್ನು ತಡೆಯಿತು. 381ನೇ ದಿನಕ್ಕೆ 117 ಬಗೆಗಳಲ್ಲಿ ಶೇ. 96!

ಕಾರಣ ಪವಾಡವೇನಲ್ಲ, ಉದ್ದ. ಪ್ರತಿಕಾಯದ ತುದಿಯಲ್ಲಿ ವೈರಸ್ಸನ್ನು ಹಿಡಿಯೋ ಒಂದು ಕುಣಿಕೆ ಇದೆ. ನಮ್ಮಲ್ಲಿ ಅದು ಸರಾಸರಿ 15 ಅಮೈನೋ ಆಮ್ಲಗಳಷ್ಟು. ಹಸುವಿನ ಕೆಲವು ಪ್ರತಿಕಾಯಗಳಲ್ಲಿ 60ಕ್ಕೂ ಹೆಚ್ಚು. ಸಕ್ಕರೆಯ ಸಂದಿಯಲ್ಲಿ ಸಲೀಸಾಗಿ ತೂರುತ್ತೆ. ಮೆಲುಕು ಹಾಕೋ ಹೊಟ್ಟೆಯ ತುಂಬ ಸೂಕ್ಷ್ಮಜೀವಿಗಳನ್ನ ಸಾಕಿಕೊಂಡಿರೋದಕ್ಕೆ ಹಸುವಿಗೆ ಇಂಥದ್ದು ಬೇಕಾಯ್ತೇನೋ ಅನ್ನೋದು ಒಂದು ಊಹೆ.

ಅಮ್ಮನಿಗೆ ಫೋನಲ್ಲಿ ಇದನ್ನ ಹೇಳಿದ್ರೆ, ‘ಹಂಗಾದ್ರೆ ಹಾಲು ಕುಡಿದ್ರೆ ಸಾಕೇನೋ?’ ಅಂದ್ಲು. ಸಾಲದಮ್ಮಾ. ನಮ್ಮ ಕೊಟ್ಟಿಗೆಯ ಹಸು ಎಚ್ಐವಿಯನ್ನ ಕಂಡೇ ಇಲ್ಲ, ಅದಕ್ಕೆ ಆ ರೋಗ ಬರೋದೂ ಇಲ್ಲ. ಚುಚ್ಚುಮದ್ದು ಕಾಣದ ಹಸುವಿನಲ್ಲಿ ಆ ಪ್ರತಿಕಾಯ ಎಲ್ಲಿಂದ ಬರಬೇಕು?

ಪ್ರಾಣಿಯಲ್ಲಿ ಗೆದ್ದದ್ದು ಮನುಷ್ಯನಲ್ಲೂ ಗೆಲ್ಲುತ್ತೆ ಅನ್ನೋ ಹಾಗೂ ಇಲ್ಲ. ‘ಮೊಸಾಯಿಕ್’ ಅನ್ನೋ ಲಸಿಕೆ ಕೋತಿಗಳಲ್ಲಿ ಶೇ. 67ರಷ್ಟು ರಕ್ಷಣೆ ಕೊಟ್ಟಿತ್ತು ಅಂತ 2018ರಲ್ಲಿ ವರದಿಯಾಯ್ತು. ಕೋತಿಗೆ ಎಚ್ಐವಿ ಸರಿಯಾಗಿ ಅಂಟೋದಿಲ್ಲವಾದ್ದರಿಂದ ಆ ಪರೀಕ್ಷೆಗೆ ಬಳಸಿದ್ದೂ ಪ್ರಯೋಗಾಲಯದಲ್ಲಿ ಮಾಡಿದ ಬೆರಕೆ ವೈರಸ್ಸನ್ನ. ಅದೇ ಬಗೆಯ ಲಸಿಕೆಯನ್ನ ಆಫ್ರಿಕಾದ ದಕ್ಷಿಣ ಭಾಗದ ಐದು ದೇಶಗಳಲ್ಲಿ ಸುಮಾರು 2,600 ಯುವತಿಯರ ಮೇಲೆ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶ ಶೇ. 25 ಮಾತ್ರ. ಅದೂ ಲೆಕ್ಕಾಚಾರದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ನಂಬಿ ತೋಳು ಒಡ್ಡಿದ ಆ ಹೆಣ್ಣುಮಕ್ಕಳನ್ನ ನೆನೆದರೆ, ‘ಸಿಕ್ಕೇಬಿಡ್ತು ಲಸಿಕೆ’ ಅಂತ ಕುಣಿಯೋ ಶೀರ್ಷಿಕೆಗಳ ಮೇಲೆ ಸಿಟ್ಟು ಬರುತ್ತೆ.

ಹಾಗಾದ್ರೆ ಹಸುವಿನಿಂದ ಸಿಕ್ಕಿದ್ದೇನು? ಲಸಿಕೆಯಲ್ಲ, ಒಂದು ಭರವಸೆ. ಆ ಅಡಗುತಾಣವನ್ನ ಚುಚ್ಚುಮದ್ದಿನಿಂದಲೇ ಮುಟ್ಟಬಹುದು, ಸರಿಯಾದ ಕೈ ಇದ್ದರೆ! ಹಸುವಿನ ಕೈ ನಮಗೆ ಬರೋದಿಲ್ಲ. ನಮ್ಮ ಕೈಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಪಳಗಿಸಬೇಕು. ಆ ಪ್ರಯತ್ನವೂ ನಡೆದಿದೆ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲಸಿಕೆ ಪಡೆದ 36 ಜನರ ಪೈಕಿ 35 ಮಂದಿಯಲ್ಲಿ, ಮುಂದೆ ಅಂಥ ಪ್ರತಿಕಾಯ ಮಾಡಬಲ್ಲ ಕೋಶಗಳು ಚಿಗುರಿದವು. ಪ್ರತಿಕಾಯ ಇನ್ನೂ ಅಲ್ಲ, ಚಿಗುರು ಅಷ್ಟೇ.

ಚಿಗುರನ್ನ ಚಿಗುರು ಅಂತಲೇ ಕರೆಯೋಣ. ಹಣ್ಣು ಅಂತ ಮಾರೋದು ಬೇಡ. ಏನಂತೀರಿ?