ಚುಕ್ಕೆ ಮೀನು

ಜುಲೈ 7, 2024, ಭಾನುವಾರ
ವೈಟ್‌ಫೀಲ್ಡ್

ಎದುರು ಮನೆಯ ಹುಡುಗನಿಗೆ ಡೆಂಗಿ. ಪ್ಲೇಟ್‌ಲೆಟ್ ಇಳೀತಾ ಇದೆಯಂತೆ. ಸಂಜೆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಯಾರೂ ಕೂರಲೇ ಇಲ್ಲ, ನಿಂತೇ ಮಾತಾಡಿದರು. ಕಾಂಪೌಂಡಿನ ಹಿಂದಿರುವ ಕುಂಟೆಗೆ ಸೊಳ್ಳೆಮರಿ ತಿನ್ನುವ ಗಂಬೂಸಿಯಾ ಮೀನು ಬಿಡೋಣ ಎಂದಾಗ ನಾನೂ ಕೈ ಎತ್ತಿದೆ. ತರುವ ಹೊಣೆ ನನಗೇ ಬಂತು.

ಜುಲೈ 10, ಬುಧವಾರ

ಬಚ್ಚಲಿನಲ್ಲಿ ಒಂದು ಬಕೆಟ್ ಮೀನು. ಬೂದು ಬಣ್ಣ, ಮೇಲಕ್ಕೆ ತಿರುಗಿದ ಬಾಯಿ. ನೀರಿನ ಮೇಲ್ಪದರಕ್ಕೆ ಬಾಯಿ ಹಚ್ಚಿ ಉಸಿರಾಡುತ್ತವೆ, ಅದಕ್ಕೇ ಕೊಳಚೆಯಲ್ಲೂ ಬದುಕುತ್ತವೆ. ಇವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಬೆಳಿಗ್ಗೆ ಕಂಡ ಕೂದಲೆಳೆಯಂಥ ಮರಿಗಳಲ್ಲಿ ಸಂಜೆಗೆ ಅರ್ಧ ಇಲ್ಲ. ದೊಡ್ಡವೇ ತಿಂದಿವೆ.

ರಾತ್ರಿ ಕೂತು ಓದಿದೆ. ಅಮೆರಿಕದ ದಕ್ಷಿಣ ಭಾಗದ ಈ ಮೀನನ್ನು ಮಲೇರಿಯಾ ತಡೆಯಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು. ಈಗ ಅದು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಸೊಳ್ಳೆಮರಿ ತಿನ್ನುವುದು ನಿಜ. ಜೊತೆಗೆ ಬೇರೆ ಮೀನುಗಳ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆಯನ್ನೂ ತಿನ್ನುತ್ತದೆ, ದೊಡ್ಡ ಮೀನುಗಳ ರೆಕ್ಕೆ ಕಚ್ಚುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಮಾತು. ಡೆಂಗಿ ಸೊಳ್ಳೆ ಹುಟ್ಟುವುದು ಡ್ರಮ್ಮು, ಟೈರು, ಸಂಪು, ಹೂಕುಂಡದ ತಟ್ಟೆಗಳಲ್ಲಿ. ಆ ಹುಡುಗನ ಜ್ವರಕ್ಕೂ ಕುಂಟೆಗೂ ಏನು ಸಂಬಂಧ! ಕೇಳದೆ ಕೈ ಎತ್ತಿಬಿಟ್ಟೆನಲ್ಲ.

ಜುಲೈ 14, ಭಾನುವಾರ

ಅಪ್ಪನ ಜೊತೆ ಕುಂಟೆಗೆ ಹೋದೆ. ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆಯಿರುವ ಪುಟ್ಟ ಮೀನು ಇಲ್ಲಿ ದಂಡೆಯುದ್ದಕ್ಕೂ ಇರುತ್ತಿತ್ತು. ನಮ್ಮ ನೆಲದ್ದೇ, ಅದೂ ಸೊಳ್ಳೆಮರಿ ತಿನ್ನುವ ಮೀನು. ಚಿಕ್ಕವಳಿದ್ದಾಗ ಅಪ್ಪನ ಟವೆಲ್ಲಿನಲ್ಲಿ ಹಿಡಿದು ಬಾವಿಗೆ ಬಿಡುತ್ತಿದ್ದೆವು. ಇವತ್ತು ಟವೆಲ್ಲಿಗೆ ಬಿದ್ದಿದ್ದೆಲ್ಲ ಗಂಬೂಸಿಯಾ. ಯಾರೋ ಮೊದಲೇ ಬಿಟ್ಟಿದ್ದಾರೆ, ಇಲ್ಲವೇ ಮಳೆ ನೀರಿನೊಂದಿಗೆ ರಾಜಕಾಲುವೆಯಿಂದ ಬಂದಿವೆ. ಒಂದು ಗಂಟೆ ಹುಡುಕಿದ ಮೇಲೆ ಜೊಂಡಿನ ಬುಡದಲ್ಲಿ ಎರಡು ಚುಕ್ಕೆ ಕಂಡವು. ಒಂದರ ಬಾಲ ಹರಿದಿತ್ತು.

"ಇಷ್ಟೇನಾ?" ಅಂದರು ಅಪ್ಪ. ಆಮೇಲೆ ಮನೆಯವರೆಗೂ ಮಾತಿಲ್ಲ.

ಜುಲೈ 17, ಬುಧವಾರ

ಮನೆಮನೆಗೆ ಹೋಗಿ ಹೂಕುಂಡದ ತಟ್ಟೆಗಳನ್ನು ಬೋರಲು ಹಾಕಿಸಿದೆವು. ಎರಡು ಮನೆಗಳಲ್ಲಿ ಫ್ರಿಜ್ಜಿನ ಹಿಂದಿನ ಟ್ರೇಯಲ್ಲೂ ಸೊಳ್ಳೆಮರಿ. ಬಕೆಟ್ಟಿನ ಮೀನುಗಳನ್ನು ಕಾರಂಜಿ ತೊಟ್ಟಿಗೆ ಬಿಟ್ಟು, ನೀರು ಹೊರಹೋಗುವ ಬಾಯಿಗೆ ಜಾಲರಿ ಬಿಗಿದೆ. ಹುಡುಗ ಮನೆಗೆ ಬಂದಿದ್ದಾನೆ, ಸೊರಗಿದ್ದಾನೆ.

ರಾತ್ರಿ ಅಪ್ಪ ಮಾಲೂರಿನ ಚಿಕ್ಕಪ್ಪನಿಗೆ ಫೋನ್ ಮಾಡಿದ್ದರು. ತೋಟದ ಬಾವಿಯಲ್ಲಿ ಚುಕ್ಕೆ ಮೀನು ಇನ್ನೂ ಇದೆಯಾ, ನಾಳೆ ಬೆಳಕಿನಲ್ಲಿ ಬಗ್ಗಿ ನೋಡಿ ಹೇಳು ಅನ್ನುತ್ತಿದ್ದರು.