ಮೊಳೆಯ ಪೆಟ್ಟಿಗೆಯೂ ಗಣಕಯಂತ್ರವೂ

ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಬಾಳಿದವರ ಬೆರಳುಗಳಿಗೆ ತಮ್ಮದೇ ಆದ ಒಂದು ಸ್ಮರಣಶಕ್ತಿಯಿತ್ತು. ಕಣ್ಣು ಹಸ್ತಪ್ರತಿಯ ಮೇಲೆ ನೆಟ್ಟಿದ್ದರೂ ಕೈ ತಾನಾಗಿಯೇ ಪೆಟ್ಟಿಗೆಯ ಗೂಡಿಗೆ ಹೋಗಿ ಬೇಕಾದ ಅಕ್ಷರವನ್ನು ಹೆಕ್ಕಿ ತರುತ್ತಿತ್ತು. ಪಳಗಿದ ಕೆಲಸಗಾರ ನಾಲ್ಕಾರು ಗೂಡುಗಳನ್ನು ತನ್ನ ಕೈಗೆ ಒಗ್ಗುವಂತೆ ಬದಲಾಯಿಸಿಕೊಳ್ಳುವುದೂ ಉಂಟು; ಪದೇ ಪದೇ ಬೇಕಾಗುವ ಮೊಳೆ ಎದೆಯ ಬಳಿಗೆ, ಅಪರೂಪದ ಒತ್ತು ದೂರದ ಮೂಲೆಗೆ. ಇದನ್ನು ಯಾರೂ ವಿದ್ಯೆಯೆಂದು ಕರೆಯಲಿಲ್ಲ.

ಹೊಳೆನರಸೀಪುರದ ಸಣ್ಣ ಅಚ್ಚುಕೂಟವೊಂದರಲ್ಲಿ ಅಂತಹ ಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ನಿಂತ ಹಿರಿಯರೊಬ್ಬರು ಈಗ ಹಾಸನದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಚ್ಚುಕೂಟ ಮುಚ್ಚಿದಾಗ ಸೀಸದ ಮೊಳೆಗಳು ತೂಕದ ಲೆಕ್ಕದಲ್ಲಿ ಹೋದವು. ಟ್ರಂಕಿನಲ್ಲಿ ಉಳಿದದ್ದು ಒಂದು ಕಟ್ಟು ಹಳೆಯ ಲಗ್ನಪತ್ರಿಕೆಗಳು ಮಾತ್ರ. ಮಗಳದು ಡಿ.ಟಿ.ಪಿ. ಅಂಗಡಿ. ಆ ಪತ್ರಿಕೆಗಳ ದುಂಡನೆಯ ಅಕ್ಷರಗಳನ್ನು ಗಣಕಯಂತ್ರದಲ್ಲಿ ಪುನಃ ಬರೆಯಬೇಕು, ಅದೂ ತಂದೆ ನೋಡಿ ತಪ್ಪು ಹೇಳಬಲ್ಲ ಕಾಲದಲ್ಲಿಯೇ ಮುಗಿಸಬೇಕು ಎಂಬುದು ಆಕೆಯ ಹಟ. ತಂದೆಗೆ ಇರುವುದು ಗ್ಲಾಕೋಮಾ. ಆ ರೋಗದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ.

ಆಕೆ ಆರಿಸಿಕೊಂಡದ್ದು ಫಾಂಟ್‌ಫೋರ್ಜ್ ಎಂಬ ತಂತ್ರಾಂಶ. ಜಾರ್ಜ್ ವಿಲಿಯಮ್ಸ್ ಎಂಬಾತ 2000ದಲ್ಲಿ ಬೇರೊಂದು ಹೆಸರಿನಿಂದ ಆರಂಭಿಸಿದ ಇದಕ್ಕೆ 2004ರಲ್ಲಿ ಈ ಹೆಸರು ಬಂದಿತು. ಕಾಸು ಕೊಡಬೇಕಾಗಿಲ್ಲ. ಆದರೆ ಕಾಸಿಲ್ಲದೆ ಬಂದ ವಸ್ತು ತಾಳ್ಮೆಯನ್ನು ಕೇಳುತ್ತದೆ. ಆಕೆಯ ಯಂತ್ರವಾದರೋ ಎರಡನೆಯ ಕೈಯಿಂದ ಕೊಂಡದ್ದು, ಸ್ಮೃತಿ 4 ಜಿ.ಬಿ. ಮಾತ್ರ.

ಮಾಡಿದ ಗೆರೆಯನ್ನು ಅಳಿಸಿ ಹಿಂದಿನ ಹೆಜ್ಜೆಗೆ ಮರಳುವ ಸೌಕರ್ಯಕ್ಕೆ ಈ ತಂತ್ರಾಂಶದಲ್ಲಿ ಮಿತಿಯನ್ನು ನಾವೇ ಗೊತ್ತು ಮಾಡಬಹುದು. -1 ಎಂದು ಬರೆದರೆ ಮಿತಿಯೇ ಇಲ್ಲ. ಯಾರಿಗೆ ಬೇಡ? ಆಕೆಯೂ ಹಾಗೆಯೇ ಬರೆದಳು. ಪ್ರತಿಯೊಂದು ಅಕ್ಷರವೂ ತನ್ನ ಪೂರ್ವಚರಿತ್ರೆಯನ್ನೆಲ್ಲ ಹೊತ್ತುಕೊಂಡು ಕುಳಿತಿತು. ಸಂಜೆಯ ಹೊತ್ತಿಗೆ ಯಂತ್ರ ಏದುಸಿರು ಬಿಡತೊಡಗಿತು. ಮೂವತ್ತು ಹೆಜ್ಜೆಗೆ ಇಳಿಸಿದ ಮೇಲೆಯೇ ಅದಕ್ಕೆ ಜೀವ ಬಂದದ್ದು. ಇದೇ ಜಿಲ್ಲೆಯ ಹಲ್ಮಿಡಿಯಲ್ಲಿ ಕ್ರಿ.ಶ. 450ರ ಸುಮಾರಿಗೆ ಕಲ್ಲಿನ ಮೇಲೆ ಕನ್ನಡವನ್ನು ಕೊರೆದ ಪುಣ್ಯಾತ್ಮನಿಗೆ ಒಂದು ಹೆಜ್ಜೆಯೂ ಹಿಂದಕ್ಕೆ ಹೋಗುವಂತಿರಲಿಲ್ಲವೆಂಬುದನ್ನು ನೆನೆದರೆ ಮೂವತ್ತು ಧಾರಾಳವಾಯಿತು.

ತಾನಾಗಿಯೇ ಆಗಾಗ ಕೆಲಸವನ್ನು ಕಾಪಿಡುವ ಏರ್ಪಾಡೂ ಇದೆ; ಎಷ್ಟು ಸೆಕೆಂಡಿಗೊಮ್ಮೆ ಎಂಬುದನ್ನು ಹೇಳಬೇಕು, ಸೊನ್ನೆ ಎಂದರೆ ಏರ್ಪಾಡೇ ರದ್ದು. ನಡುನಡುವೆ ಯಂತ್ರ ತಡವರಿಸುತ್ತದೆಂದು ಆಕೆ ಸೊನ್ನೆ ಮಾಡಿದ್ದಳು. ಮಳೆಗಾಲದ ಒಂದು ಸಂಜೆ ವಿದ್ಯುತ್ತು ಹೋಯಿತು. ಅದರೊಡನೆ ಹನ್ನೊಂದು ಒತ್ತಕ್ಷರಗಳೂ ಹೋದವು. ಈಗ ಅಲ್ಲಿ 300 ಎಂದಿದೆ. ಐದು ನಿಮಿಷದ ಕೆಲಸ ಹೋದರೆ ಮತ್ತೆ ಮಾಡಬಹುದು.

ಬಿಂದುಗಳನ್ನು ಸರಿಸಲು ಬಾಣದ ಕೀಲಿಗಳಿವೆ. ಅಕ್ಷರದ ಚೌಕವನ್ನು 1000 ಅಂಶಗಳಾಗಿ ಭಾಗಿಸಿದ್ದರೆ, 12 ಪಾಯಿಂಟಿನಲ್ಲಿ ಅಚ್ಚಾದಾಗ ಒಂದು ಅಂಶವೆಂದರೆ ಮಿಲಿಮೀಟರಿನ ಸುಮಾರು 240ನೆಯ ಒಂದು ಪಾಲು. ಕಣ್ಣಿಗೆ ಕಾಣದ ಈ ದೂರವನ್ನು ಒಂದೊಂದಾಗಿ ಒತ್ತುತ್ತ ಕುಳಿತರೆ ಮಣಿಕಟ್ಟು ನೋಯುತ್ತದೆ. ಆಕೆ ಬಾಣದ ಹೆಜ್ಜೆಯನ್ನು 5 ಮಾಡಿಕೊಂಡಳು.

ಎಲ್ಲಕ್ಕಿಂತ ಹೆಚ್ಚು ಶ್ರಮ ಕೊಟ್ಟದ್ದು ನಾಲ್ಕು ಊರುಗಳ ಹೆಸರು. ಪರೀಕ್ಷೆಗೆ ಬೇರೆ ವಾಕ್ಯವನ್ನು ಹುಡುಕದೆ, ಗಿರಾಕಿಗಳು ಬರುವ ಊರುಗಳನ್ನೇ ಆಕೆ ಪರದೆಯ ಮೇಲೆ ಬರೆದಿಟ್ಟುಕೊಂಡಳು. ಹಾಸನ ಬಹು ಸಾಧು ಹೆಸರು, ಒತ್ತಿಲ್ಲ, ಕೊಂಬಿಲ್ಲ. ಹೊಳೆನರಸೀಪುರದಲ್ಲಿ ‘ಹೊ’ ಕಾರದ ಒತ್ವ ಬೇರೆ, ‘ಸೀ’ ಕಾರದ ದೀರ್ಘ ಬೇರೆ; ‘ಪು’ವಿನಲ್ಲಿಯಂತೂ ಕೊಂಬು ಪಕ್ಕದಲ್ಲಿ ಕೂಡದೆ ಕೆಳಗಿಳಿದು ಕೂಡಬೇಕು. ಅ.ನ.ಕೃ. ಅವರ ಹೆಸರಿನ ಮೊದಲ ಅಕ್ಷರದಲ್ಲಿ ಅಡಗಿರುವ ಅರಕಲಗೂಡಿನ ‘ಗೂ’ ಮುಂದಿನ ‘ಡು’ವಿಗೆ ತಗಲುತ್ತಿತ್ತು. ಚನ್ನರಾಯಪಟ್ಟಣದಲ್ಲಿ ‘ಟ್ಟ’ದ ಒತ್ತು ಕೆಳಗೆ ಅರ್ಧ ಕತ್ತರಿಸಿಹೋಗಿತ್ತು!

ಕಾರಣ ಸರಳವಾದದ್ದೇ. ಹೊಸ ಅಕ್ಷರಮಾಲೆಯನ್ನು ತೆರೆದಾಗ ತಂತ್ರಾಂಶ ಗೆರೆಯ ಮೇಲೆ 800, ಕೆಳಗೆ 200 ಅಂಶಗಳನ್ನು ತಾನಾಗಿ ಕೊಡುತ್ತದೆ. ರೋಮನ್ ಲಿಪಿಗೆ ಅದು ಸಾಕು. ಒತ್ತನ್ನು ಹೊತ್ತ ಕನ್ನಡಕ್ಕೆ ಸಾಲದು. ಆಕೆ ಕೆಳಗಿನ ಜಾಗವನ್ನು ಹೆಚ್ಚಿಸಿ, ಮಾರ್ಗದರ್ಶಿ ಪದರದಲ್ಲಿ ಮೂರು ಗೆರೆಗಳನ್ನು ಎಳೆದಳು: ತಲೆಕಟ್ಟಿಗೊಂದು, ಪಾದಕ್ಕೊಂದು, ಒತ್ತಿನ ತಳಕ್ಕೊಂದು. ಆ ಪದರದಲ್ಲಿ ಒಮ್ಮೆ ಎಳೆದ ಗೆರೆ ಎಲ್ಲ ಅಕ್ಷರಗಳಲ್ಲಿಯೂ ಕಾಣಿಸುತ್ತದೆ.

“ಇಷ್ಟು ಗುಂಡಿಗಳಲ್ಲಿ ಎಲ್ಲ ಅಕ್ಷರವೂ ಬರುತ್ತದೇನಮ್ಮ?” ಎಂದು ತಂದೆ ಒಮ್ಮೆ ಕೇಳಿದರು. ಬರುತ್ತದೆ; ವ್ಯಂಜನ, ಸ್ವರಗಳನ್ನು ಕೂಡಿಸಿ ಅಕ್ಷರ ಕಟ್ಟುವ ಕೀಲಿಮಣೆಯ ವಿನ್ಯಾಸವನ್ನು ಕನ್ನಡಕ್ಕೆ ಕೊಟ್ಟವರು ಕೆ.ಪಿ. ರಾವ್. ಮಗಳ ಬೆರಳಿಗೆ ಅದು ರೂಢಿ. ಅಕ್ಷರ ಬರೆಯುವ ತಂತ್ರಾಂಶದ ಆಜ್ಞೆಗಳಿಗೆ ಮಾತ್ರ ಆಕೆ ಬೇರೆ ಕೀಲಿಗಳನ್ನು ಗೊತ್ತುಮಾಡಿಕೊಂಡಿದ್ದಾಳೆ. ಬಲಗೈ ಮೌಸಿನ ಮೇಲಿರುವುದರಿಂದ ದಿನಕ್ಕೆ ನೂರು ಬಾರಿ ಬೇಕಾಗುವ ಆಜ್ಞೆಗಳೆಲ್ಲ ಎಡಗೈಗೆ ಎಟಕುವಲ್ಲಿವೆ.

“ಗೂಡು ಬದಲಾಯಿಸಿದೆ ಅನ್ನು,” ಎಂದರು ತಂದೆ.

“ಹೂಂ, ಅಪ್ಪ.”

ಪರದೆಯ ಅಕ್ಷರವನ್ನು ಅವರು ನಂಬುವುದಿಲ್ಲ. ಅದು ಎಷ್ಟು ಬೇಕಾದರೂ ಹಿಗ್ಗುತ್ತದೆ, ಕಾಗದ ಹಿಗ್ಗುವುದಿಲ್ಲ ಎಂಬುದು ಅವರ ವಾದ, ವಾದದಲ್ಲಿ ಹುರುಳಿದೆ. ಆದ್ದರಿಂದ ಪ್ರತಿ ಶನಿವಾರ ನಾಲ್ಕೂ ಊರುಗಳ ಹೆಸರನ್ನು 12 ಪಾಯಿಂಟಿನಲ್ಲಿ ಮುದ್ರಿಸಿ ಅವರ ಮುಂದಿಡಬೇಕು. ಕಿಟಕಿಯ ಬಳಿ ಕುಳಿತು ಭೂತಗನ್ನಡಿ ಹಿಡಿದು ನೋಡುತ್ತಾರೆ. ಕಳೆದ ಬಾರಿ ‘ಗೂ’ ಒಪ್ಪಿತವಾಯಿತು. ‘ಟ್ಟ’ದ ಕೆಳಗೆ ಮಾತ್ರ ಪೆನ್ಸಿಲಿನ ಒಂದು ಚುಕ್ಕೆ ಬಿತ್ತು: ಒತ್ತು ಎಡಕ್ಕೆ ಬರಬೇಕು. ಮಗಳು ಎರಡು ಸಲ ಬಾಣ ಒತ್ತಿ ಮತ್ತೆ ಮುದ್ರಿಸಿ ತಂದಳು. ಅವರು ಕಾಗದವನ್ನು ಬೆಳಕಿಗೆ ತಿರುಗಿಸಿ, “ಸಾಲದು, ಇನ್ನೊಂದು,” ಎಂದರು.