ಎಂಜಲು ಹೇಳಿದ ಮಾತು

ನಮ್ಮ ಮನೆಯಲ್ಲಿ ಎಂಜಲಿಗೆ ಹೆದರಿದಷ್ಟು ಯಾರೂ ಹಾವಿಗೂ ಹೆದರುತ್ತಿರಲಿಲ್ಲ. ಲೋಟ ತುಟಿಗೆ ತಾಗಿದರೆ ಅಜ್ಜಿ ಅದನ್ನು ಹುಣಿಸೆಹಣ್ಣು ಹಾಕಿ ಎರಡೆರಡು ಸಲ ಬೆಳಗುತ್ತಿದ್ದರು. ಅದೇ ಅಜ್ಜಿ ಗೋತ್ರ ಪ್ರವರಗಳ ವಿಷಯ ಬಂದರೆ ಎದ್ದು ಕುಳಿತು, ಏಳು ತಲೆಮಾರಿನ ಹೆಸರನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುವರು. ಆ ಏಳು ತಲೆಮಾರೂ ಈ ಎಂಜಲಿನಲ್ಲಿಯೇ ಕುಳಿತಿವೆ ಎಂದು ಯಾರಾದರೂ ಅವರಿಗೆ ಹೇಳಿದ್ದರೆ ಏನೆನ್ನುತ್ತಿದ್ದರೋ! ಬಹುಶಃ ಹೇಳಿದವನನ್ನೇ ಹುಣಿಸೆಹಣ್ಣು ಹಾಕಿ ಬೆಳಗುತ್ತಿದ್ದರು.

ಈ ಮಾತು ನೆನಪಾದದ್ದು 2019ರ ಬೇಸಿಗೆಯಲ್ಲಿ. ಕಾಲೇಜಿಗೆ ರಜವಿತ್ತು, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ತಂಗಿ "ಬಾ ಅಣ್ಣ" ಎಂದು ನಾಲ್ಕು ವರ್ಷದಿಂದ ಕರೆಯುತ್ತಿದ್ದಳು, ಹೋದೆ. ತಂಗಿ, ಭಾವ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಕನ್ನಡ ಮೇಷ್ಟರಿಗೆ ಅಲ್ಲಿ ಮಾಡಲು ಏನಿದೆ? ಬೇಲಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಬೇಲಿಯ ಆಚೆ ಇನ್ನೊಬ್ಬರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಎಪ್ಪತ್ತೊಂದು ವರ್ಷದ ಯೆಹೂದ್ಯ ಮುದುಕರು, ನಿವೃತ್ತ ಶಾಲಾ ಉಪಾಧ್ಯಾಯರು. ಮೇಷ್ಟರು ಮೇಷ್ಟರು ಒಂದಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅವರ ಕಥೆಯನ್ನು ನಾನು ಚೂರುಚೂರಾಗಿ ಕೇಳಿದೆ. ಹುಟ್ಟಿದ್ದು 1948ರಲ್ಲಿ, ಜರ್ಮನಿಯ ಒಂದು ನಿರಾಶ್ರಿತರ ಶಿಬಿರದಲ್ಲಿ. ತಾಯಿ ವಾರ್ಸಾ ನಗರದವರು. ಜರ್ಮನರು 1940ರ ನವೆಂಬರಿನಲ್ಲಿ ಆ ಊರಿನ ಯೆಹೂದ್ಯರನ್ನೆಲ್ಲ ಒಂದು ಮೂಲೆಗೆ ತಳ್ಳಿ, ಸುತ್ತ ಗೋಡೆ ಕಟ್ಟಿ ಬಾಗಿಲು ಹಾಕಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಆ ಗೋಡೆಯ ಒಳಗೆ. ಹುಡುಗಿಗೆ ಆಗ ಹದಿನೆಂಟು. 1942ರ ಜನವರಿಯಲ್ಲಿ, ಆ ನರಕದಲ್ಲಿಯೇ, ಅವಳಿಗೊಬ್ಬ ತಮ್ಮ ಹುಟ್ಟಿದ. ಅದೇ ವರ್ಷದ ಜುಲೈ 22ರಿಂದ ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾದ ಕೊಲೆಮನೆಗೆ ಸಾಗಿಸತೊಡಗಿದರು. ಹುಡುಗಿ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದ ದಿನ ಮನೆಯವರು ಹೋದರು. ಸಂಜೆ ಬಂದು ನೋಡಿದರೆ ಬಾಗಿಲು ತೆರೆದಿತ್ತು, ತೊಟ್ಟಿಲು ಬರಿದಾಗಿತ್ತು. ಅಪ್ಪ, ಅಮ್ಮ, ಆರು ತಿಂಗಳ ಕೂಸು, ಮೂವರೂ ಒಂದೇ ರೈಲಿನಲ್ಲಿ ಹೋದರು ಎಂದೇ ಆಕೆ ಸಾಯುವವರೆಗೆ ನಂಬಿದ್ದರು. ಆಕೆ ತೀರಿಕೊಂಡದ್ದು 1996ರಲ್ಲಿ. ಮಗನ ಮುಂದೆ ತಮ್ಮನ ಮಾತನ್ನು ಎತ್ತಿದ್ದು ಒಂದೇ ಸಲವಂತೆ. ಅದೂ ಯಾರದೋ ಮನೆಯ ತೊಟ್ಟಿಲನ್ನು ನೋಡಿದಾಗ.

ಇಂಥವರ ಮನೆಗೆ, ಹಿಂದಿನ ವರ್ಷದ ಹಬ್ಬಕ್ಕೆ, ಮಗಳು ಉಡುಗೊರೆಯಾಗಿ ಡಿ.ಎನ್.ಎ. ಪರೀಕ್ಷೆಯ ಪೆಟ್ಟಿಗೆಯೊಂದನ್ನು ಕಳುಹಿಸಿದಳು. ಅದರಲ್ಲಿ ಬೆರಳುದ್ದದ ಒಂದು ಕೊಳವೆ. ಅದರೊಳಕ್ಕೆ ಗೆರೆ ಮುಟ್ಟುವವರೆಗೆ ಉಗುಳಿ, ಮುಚ್ಚಳ ಹಾಕಿ ಅಂಚೆಗೆ ಹಾಕಬೇಕು. ಮುದುಕರು ಮೂರು ತಿಂಗಳು ಅದನ್ನು ಮುಟ್ಟಲಿಲ್ಲ. "1935ರಲ್ಲಿ ನ್ಯೂರೆಂಬರ್ಗಿನಲ್ಲಿ ಕಾನೂನು ಮಾಡಿ ನಮ್ಮ ಅಜ್ಜ ಅಜ್ಜಿಯರನ್ನು ಎಣಿಸಿದರು, ಪ್ರೊಫೆಸರೇ. ಮೂವರು ಯೆಹೂದ್ಯರಾದರೆ ನೀನೂ ಯೆಹೂದ್ಯ ಎಂದರು. ಆ ಲೆಕ್ಕದ ಮೇಲೆ ಕೊಂದರು. ಈಗ ನಾವೇ ದುಡ್ಡು ಕೊಟ್ಟು, ಎಣಿಸಿ ಎಂದು ಉಗುಳಿ ಕಳುಹಿಸಬೇಕೆ?" ಎಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಕೊನೆಗೆ ಕಳುಹಿಸಿದ್ದರು. ಮಗಳು ಅತ್ತಳಂತೆ.

ಈ ಪರೀಕ್ಷೆಯ ಮರ್ಮವನ್ನು ಅವರೇ ನನಗೆ ಕಲಿಸಿದರು. ಉಗುಳಿನಲ್ಲಿ ಬಾಯಿಯ ಜೀವಕೋಶಗಳಿರುತ್ತವೆ, ಅವುಗಳಲ್ಲಿರುವ ಡಿ.ಎನ್.ಎ. ಎಂಬ ಉದ್ದನೆಯ ದಾರದಲ್ಲಿ ಆರೇಳು ಲಕ್ಷ ಸ್ಥಾನಗಳನ್ನು ಓದಿ, ಬೇರೆಯವರ ದಾರದೊಡನೆ ಹೋಲಿಸುತ್ತಾರೆ. ಇಬ್ಬರಲ್ಲಿಯೂ ಒಂದೇ ಆಗಿರುವ ತುಂಡುಗಳನ್ನು ಸೆಂಟಿಮಾರ್ಗನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದೇ ಅಜ್ಜ ಅಜ್ಜಿಯರ ಮೊಮ್ಮಕ್ಕಳಲ್ಲಿ, ಎಂದರೆ ಅಣ್ಣತಮ್ಮಂದಿರ ಅಥವಾ ಅಕ್ಕತಮ್ಮಂದಿರ ಮಕ್ಕಳಲ್ಲಿ, ಸುಮಾರು ಎಂಟನೆಯ ಒಂದು ಭಾಗ ಸಮನಾಗಿರುತ್ತದೆ. ನೆಂಟಸ್ತಿಕೆ ದೂರವಾದಷ್ಟೂ ತುಂಡುಗಳು ಚಿಕ್ಕವಾಗುತ್ತ ಹೋಗುತ್ತವೆ. ಆಸ್ತಿ ಪಾಲಾದ ಹಾಗೆಯೇ.

ಆದರೆ ಪೂರ್ವ ಯೂರೋಪಿನ ಅಶ್ಕೆನಾಜಿ ಯೆಹೂದ್ಯರಲ್ಲಿ ಈ ಲೆಕ್ಕ ಸುಲಭವಾಗಿ ಕೈಗೆ ಹತ್ತುವುದಿಲ್ಲ. ಮುದುಕರ ಫಲಿತಾಂಶ ಬಂದಾಗ ಸಾವಿರಾರು ಜನ ನೆಂಟರು ಒಟ್ಟಿಗೆ ಬಾಗಿಲು ತಟ್ಟಿದರು. ಒಬ್ಬ ನೆಂಟನೂ ಉಳಿಯಲಿಲ್ಲ ಎಂದು ತಾಯಿ ಅತ್ತ ಮನೆಗೆ ಸಾವಿರಾರು ನೆಂಟರು! ಕಾರಣವಿದೆ. ಇಂದಿನ ಅಶ್ಕೆನಾಜಿಗಳೆಲ್ಲ ಇಪ್ಪತ್ತೈದು ಮೂವತ್ತು ತಲೆಮಾರುಗಳ ಹಿಂದೆ ಇದ್ದ ಸುಮಾರು 350 ಜನರ ಸಣ್ಣದೊಂದು ಗುಂಪಿನಿಂದ ಬಂದವರೆಂದು 2014ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಮುಂದೆ ಶತಮಾನಗಟ್ಟಲೆ ಒಳಗೊಳಗೇ ಹೆಣ್ಣು ಕೊಟ್ಟು ತಂದದ್ದರಿಂದ, ಒಬ್ಬರಿಗೊಬ್ಬರು ಏನೂ ಆಗದವರೂ ಈ ಪರೀಕ್ಷೆಯಲ್ಲಿ ನಾಲ್ಕೈದನೆಯ ತಲೆಮಾರಿನ ದಾಯಾದಿಗಳಾಗಿ ಕಾಣಿಸುತ್ತಾರೆ. ಸಣ್ಣ ತುಂಡುಗಳನ್ನು ನಂಬಬಾರದು, ಉದ್ದನೆಯ ತುಂಡುಗಳನ್ನಷ್ಟೇ ನೋಡಬೇಕು ಎಂಬುದು ಬಲ್ಲವರ ಸೂತ್ರ. ಅಗ್ರಹಾರದಲ್ಲಿ ಎಲ್ಲರೂ ಎಲ್ಲರಿಗೂ ಮಾವನೋ ಭಾವನೋ ಆಗಿರುವುದನ್ನು ನೋಡಿ ಬೆಳೆದ ನನಗೆ ಈ ಸೂತ್ರ ತಕ್ಷಣ ಅರ್ಥವಾಯಿತು.

ನಾನೂ ಅವರಿಗೆ ಒಂದು ಕಥೆ ಹೇಳಿದೆ. ನಮ್ಮ ಕೊಂಕಣ ತೀರದಲ್ಲಿ ಗಾಣ ನಡೆಸಿ ಎಣ್ಣೆ ಮಾರುತ್ತಿದ್ದ ಒಂದು ಜನ. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು 'ಶನಿವಾರ ತೇಲಿ'ಗಳು ಎಂದು ಕರೆದರು. ಮರಾಠಿ ಆಡುವ ಈ ಬೆನೆ ಇಸ್ರೇಲರು ಇಸ್ರೇಲಿಗೆ ವಲಸೆ ಹೋದಾಗ, ನೀವು ನಿಜವಾದ ಯೆಹೂದ್ಯರು ಹೌದೋ ಅಲ್ಲವೋ ಎಂದು ಅಲ್ಲಿಯ ಧರ್ಮಾಧಿಕಾರಿಗಳು ಮದುವೆಗೆ ತಡೆ ಹಾಕಿದರು. ಹೋರಾಡಿದ ಮೇಲೆ 1964ರಲ್ಲಿ ಸರ್ಕಾರ ಅವರನ್ನು ಎಲ್ಲ ವಿಧದಲ್ಲಿಯೂ ಯೆಹೂದ್ಯರೆಂದು ಒಪ್ಪಿತು. 2016ರಲ್ಲಿ ವಿಜ್ಞಾನಿಗಳು ಅವರ ಡಿ.ಎನ್.ಎ. ನೋಡಿ, ಇವರಲ್ಲಿ ಯೆಹೂದ್ಯ ಮೂಲವೂ ಇದೆ, ಭಾರತೀಯ ಮೂಲವೂ ಇದೆ ಎಂದರು. ಮುದುಕರು ಕೇಳಿ ನಕ್ಕರು. "ಐವತ್ತು ವರ್ಷ ತಡವಾಗಿ ಬಂದ ಸಾಕ್ಷಿ" ಎಂದರು.

ಆ ನಗು ಬಹಳ ದಿನ ಉಳಿಯಲಿಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ ಅವರು ಕುರ್ಚಿಯಲ್ಲಿ ಕೂರದೆ ಬೇಲಿಯ ಬಳಿ ನಿಂತೇ ಇದ್ದರು. ಕೈಯಲ್ಲಿ ಒಂದು ಕಾಗದವಿತ್ತು. ನೆಂಟರ ಪಟ್ಟಿಯ ತಲೆಯಲ್ಲಿ ಹೊಸ ಹೆಸರೊಂದು ಬಂದಿತ್ತು: ಪೋಲೆಂಡಿನ ಒಬ್ಬ ಮಹಿಳೆ, ಐವತ್ತರ ಹತ್ತಿರದ ವಯಸ್ಸು. ಇಬ್ಬರಲ್ಲಿ ಸಮನಾದದ್ದು ಎಂಟುನೂರಕ್ಕೂ ಹೆಚ್ಚು ಸೆಂಟಿಮಾರ್ಗನ್. ಎಲ್ಲವೂ ಉದ್ದನೆಯ ತುಂಡುಗಳು. ಆಕೆ ಕ್ಯಾಥೊಲಿಕ್ ಮನೆಯವಳು. ಗೆಳತಿಯರ ಜೊತೆ ತಮಾಷೆಗೆ ಪರೀಕ್ಷೆ ಮಾಡಿಸಿಕೊಂಡಳಂತೆ. ಅರ್ಧ ಪೋಲಿಷ್, ಅರ್ಧ ಅಶ್ಕೆನಾಜಿ ಯೆಹೂದ್ಯ ಎಂದು ಬಂತು. ಅವಳ ತಂದೆ ಹುಟ್ಟಿದ್ದು 1942ರಲ್ಲಿ, ವಾರ್ಸಾದ ಹೊರಗಿನ ಒಂದು ಸಣ್ಣ ಊರಿನಲ್ಲಿ ಎಂದು ಚರ್ಚಿನ ದಾಖಲೆಯಿದೆ. ಮುದುಕರ ತಂದೆಯ ಕಡೆಯ ದಾಯಾದಿಯೊಬ್ಬರು ಟೊರಾಂಟೊದಲ್ಲಿದ್ದರು; ಅವರಿಗೂ ಈಕೆಗೂ ಕೂಡಿಬಂದದ್ದು ಚೂರುಪಾರು ಮಾತ್ರ. ಅಂದರೆ ಸಂಬಂಧ ತಾಯಿಯ ಕಡೆಯದು. ತೊಟ್ಟಿಲು ಬರಿದಾದದ್ದು ರೈಲಿನಿಂದಲ್ಲ. ಯಾರೋ ಕೂಸನ್ನು ಗೋಡೆಯ ಆಚೆಗೆ ದಾಟಿಸಿದ್ದರು.

ಹಾಗೆ ದಾಟಿಸಿದವರು ಇದ್ದರು. ಇರೇನಾ ಸೆಂಡ್ಲರ್ ಎಂಬ ಸಮಾಜಸೇವಕಿಯೂ ಆಕೆಯ ಸಂಗಡಿಗರೂ ಮಕ್ಕಳನ್ನು ಮೂಟೆಯಲ್ಲಿ, ಪೆಟ್ಟಿಗೆಯಲ್ಲಿ ಅಡಗಿಸಿ ಹೊರಗೆ ತಂದು, ಕ್ರೈಸ್ತ ಹೆಸರು ಕೊಟ್ಟು ಮನೆಗಳಲ್ಲಿಯೂ ಮಠಗಳಲ್ಲಿಯೂ ಬಚ್ಚಿಟ್ಟರು. ಮುಂದೆ ತಂದೆತಾಯಿಯರಿಗೆ ಮರಳಿಸಬೇಕಲ್ಲ ಎಂದು ಆಕೆ ಮಕ್ಕಳ ನಿಜವಾದ ಹೆಸರುಗಳನ್ನು ತೆಳುವಾದ ಕಾಗದದ ಮೇಲೆ ಬರೆದು, ಜಾಡಿಯಲ್ಲಿ ಹಾಕಿ, ತೋಟದಲ್ಲಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಹೆಸರುಗಳು ಇದ್ದುವು. ಬಹುಪಾಲು ತಂದೆತಾಯಿಗಳು ಇರಲಿಲ್ಲ. ನಮ್ಮ ಮುದುಕರ ಸೋದರಮಾವನ ಹೆಸರು ಯಾವ ಜಾಡಿಯಲ್ಲಿಯೂ ಇರಲಿಲ್ಲ. ಅವರ ಹೆಸರು ಹೂತಿದ್ದದ್ದು ಮಗಳ ಎಂಜಲಿನಲ್ಲಿ.

ಕಾಗದದ ಕೊನೆಯಲ್ಲಿ ಆಕೆ ಕೇಳಿದ್ದಳು: "ಅಪ್ಪನಿಗೆ ಎಪ್ಪತ್ತೇಳು. ಹೃದಯದ ಕಾಯಿಲೆಯಿದೆ. ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾರೆ. ಹೇಳಲೇ, ಬೇಡವೇ?"

ಮುದುಕರು ಆ ಪ್ರಶ್ನೆಯನ್ನು ನನ್ನ ಕಡೆ ತಿರುಗಿಸಿದರು. "ನೀವು ಸಾಹಿತ್ಯದ ಮೇಷ್ಟರು. ನಿಮ್ಮ ಪುಸ್ತಕಗಳು ಏನು ಹೇಳುತ್ತವೆ?"

ನಾನು ಕರ್ಣನ ಕಥೆ ಹೇಳಿದೆ. ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದ ಕಥೆ. ಹೊಳೆಗೆ ಬಿಟ್ಟ ಕೂಸು, ಎತ್ತಿ ಸಾಕಿದ ಸೂತ, ಕಲಿತ ವಿದ್ಯೆಗಿಂತ ಕುಲವನ್ನು ಮೊದಲು ಕೇಳಿದ ರಾಜಸಭೆ. ಯುದ್ಧದ ಹೊಸ್ತಿಲಲ್ಲಿ ಕೃಷ್ಣ ಅವನನ್ನು ಏಕಾಂತಕ್ಕೆ ಕರೆದು, ನೀನು ಕುಂತಿಯ ಮಗ ಎಂದು ಹೇಳುತ್ತಾನೆ. ಸತ್ಯವೇ. ಆದರೆ ಅದು ತಿಳಿದ ಗಳಿಗೆಯಿಂದ ಕರ್ಣನ ಕೈ ಅರ್ಧ ಸೋಲುತ್ತದೆ. "ಆದ್ದರಿಂದ ಹೇಳದಿರುವುದೇ ಮೇಲು" ಎಂದು ಮೇಷ್ಟರ ಗತ್ತಿನಲ್ಲಿ ಮುಗಿಸಿದೆ.

ಮುದುಕರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ನಿಮ್ಮ ಕೃಷ್ಣ ಹೇಳಿದ್ದು ಯಾರ ಸಲುವಾಗಿ? ಕರ್ಣನ ಸಲುವಾಗಿಯೋ, ಗೆಲ್ಲಬೇಕಾಗಿದ್ದವರ ಸಲುವಾಗಿಯೋ?"

ಇಪ್ಪತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ. ಗೆಲ್ಲಬೇಕಾಗಿದ್ದವರ ಸಲುವಾಗಿ ಎಂದು ಒಪ್ಪಿಕೊಂಡೆ. "ಹಾಗಾದರೆ ತಪ್ಪು ಸತ್ಯದ್ದಲ್ಲ" ಎಂದರು. "ನನಗೂ ಅದೇ ಭಯ. ನನಗೆ ಒಬ್ಬ ಸೋದರಮಾವ ಬೇಕು, ಪ್ರೊಫೆಸರೇ. ನನ್ನ ಆಸೆಗಾಗಿ ಅವರ ಮನೆಯ ನೆಮ್ಮದಿ ಕೆಡಿಸಲು ನನಗೇನು ಹಕ್ಕು?" ಕೊನೆಗೆ ಉತ್ತರ ಬರೆದರು. ಹೇಳು ಎಂದೂ ಬರೆಯಲಿಲ್ಲ, ಬೇಡ ಎಂದೂ ಬರೆಯಲಿಲ್ಲ. ತಂದೆಯನ್ನು ಬಲ್ಲವಳು ನೀನು, ನೀನು ಮಾಡಿದ್ದು ನನಗೆ ಒಪ್ಪಿಗೆ ಎಂದರು. ಜೊತೆಗೆ ತಾಯಿಯ ಒಂದು ಭಾವಚಿತ್ರ ಇಟ್ಟರು.

ನಾನು ಊರಿಗೆ ಮರಳಿ, ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಸುದ್ದಿ ಬಂತು. ಮಗಳು ಎರಡು ತಿಂಗಳು ಒದ್ದಾಡಿ, ಒಂದು ಭಾನುವಾರ ಊಟವಾದ ಮೇಲೆ ಅಪ್ಪನ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳಂತೆ. ಮುದುಕ ಬೆಚ್ಚಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. "ನನಗೆ ಗೊತ್ತು" ಎಂದರು. ಸಾಕಿದ ತಾಯಿ ಸಾಯುವ ಮುಂಚೆ, 1971ರಲ್ಲಿ, ಹೇಳಿ ಸತ್ತಿದ್ದಳು. ಆಗ ಮಗಳು ತೊಟ್ಟಿಲ ಕೂಸು. ಅವಳಿಗೆ ಏಕೆ ಈ ಭಾರ, ಊರವರು ಏನೆಂದಾರು, ಎಂದು ಇವರು ನಲವತ್ತೆಂಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಮಗಳು ಅಪ್ಪನ ಎದೆ ಒಡೆದೀತು ಎಂದು ಹೆದರಿದ್ದಳು. ಅಪ್ಪ ಮಗಳಿಗಾಗಿ ಹೆದರಿದ್ದರು. ತನ್ನವರು ಯಾರೂ ಉಳಿದಿಲ್ಲ ಎಂದು ಮಾತ್ರ ಅವರೂ ನಂಬಿದ್ದರು. ಭಾವಚಿತ್ರವನ್ನು ಕೈಗೆ ಕೊಟ್ಟಾಗ, ಈಕೆ ಯಾವಾಗ ತೀರಿಕೊಂಡಳು ಎಂದು ಕೇಳಿದರಂತೆ. 1996 ಎಂದಳು ಮಗಳು. ಅವರು ಎದ್ದು ಒಳಗೆ ಹೋದರು; ಸಂಜೆಯವರೆಗೆ ಹೊರಗೆ ಬರಲಿಲ್ಲ.

ಇಪ್ಪತ್ತೈದು ವರ್ಷ. 1971ರಿಂದ 1996. ಅಕ್ಕ ಅಮೆರಿಕದಲ್ಲಿ, ತಮ್ಮ ಪೋಲೆಂಡಿನಲ್ಲಿ. ಒಬ್ಬಳಿಗೆ ತೊಟ್ಟಿಲು ನೆನಪಿತ್ತು, ಒಬ್ಬನಿಗೆ ಗುಟ್ಟು ಗೊತ್ತಿತ್ತು. ಇಬ್ಬರೂ ಮಕ್ಕಳ ಸುಖಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದರು. ಬಾಯಿ ಹೇಳದಿದ್ದುದನ್ನು ಬಾಯಿಯ ಎಂಜಲು ಹೇಳಬೇಕಾಯಿತು. ಹೇಳುವಷ್ಟರಲ್ಲಿ ಕೇಳಬೇಕಾಗಿದ್ದವಳು ಇರಲಿಲ್ಲ.

ಹೊರಡುವ ಮುಂಚೆ ತಂಗಿ ನನಗೂ ಒಂದು ಕೊಳವೆ ತಂದುಕೊಟ್ಟಿದ್ದಳು. ಅದು ಇನ್ನೂ ನನ್ನ ಪುಸ್ತಕದ ಬೀರುವಿನಲ್ಲಿ ಹಾಗೇ ಇದೆ. ಅಜ್ಜಿ ಒಪ್ಪಿಸುತ್ತಿದ್ದ ಏಳು ತಲೆಮಾರಿನಲ್ಲಿ ಒಂದು ಕಡೆ ಅವರ ದನಿ ಸ್ವಲ್ಪ ತಗ್ಗುತ್ತಿತ್ತು: ನನ್ನ ತಾತ ದತ್ತು ಬಂದವರು. ದತ್ತು ಬಂದ ದಿನದಿಂದ ಗೋತ್ರ ಇತ್ತ ಕಡೆಯದು; ಹೆತ್ತವರ ಮಾತು ಅಲ್ಲಿಗೆ ಮುಗಿಯಿತು. ಯೆಹೂದ್ಯರ ಕೊಹೆನ್ ಪುರೋಹಿತರ ಗಂಡುಸಂತತಿಯ ಗುರುತು ಡಿ.ಎನ್.ಎ.ಯಲ್ಲಿ ಕಾಣುತ್ತದೆಂದು 1997ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಮನೆಯ ಗೋತ್ರವನ್ನು ಹಾಗೆ ಹುಡುಕಿದರೆ ಸಿಗುವುದು ಬೇರೆಯವರದು. ಅದರಿಂದ ನನಗೆ ನಷ್ಟವಿಲ್ಲ. ತಾತ ನಮ್ಮ ತಾತನೇ.

ಆದರೆ ಆ ದಸರೆಗೆ ಊರಿಗೆ ಹೋಗಿ, ಎಂಬತ್ತೆರಡು ವರ್ಷದ ಸೋದರತ್ತೆಯ ಪಕ್ಕದಲ್ಲಿ ಕುಳಿತು ಕೇಳಿದೆ: "ಅತ್ತೆ, ತಾತನನ್ನು ಹೆತ್ತ ತಾಯಿಯ ಹೆಸರೇನು?" ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: ಹೆಸರು, ಊರು, ಮಗನನ್ನು ಕೊಟ್ಟ ಮೇಲೆ ಆಕೆ ವರ್ಷಕ್ಕೊಮ್ಮೆ ಜಾತ್ರೆಯ ನೆಪದಲ್ಲಿ ಬಂದು ದೂರದಿಂದ ನೋಡಿ ಹೋಗುತ್ತಿದ್ದುದು, ಎಲ್ಲವನ್ನೂ.

"ಇಷ್ಟು ದಿನ ಯಾಕೆ ಹೇಳಲಿಲ್ಲ, ಅತ್ತೆ?"

"ನೀವು ಯಾರೂ ಕೇಳಲಿಲ್ಲವಲ್ಲಪ್ಪ."